ನೀಲಿ ಆನೆಯವರ ಹಾಡಿನಲ್ಲಿ ಸೊಂಟವಿಲ್ಲದ ಬಗ್ಗೆ

ಮಾನ್ಯರೂ ಮಹಾಕಾಯರೂ ಆದ ನೀಲಿ ಪ್ಲಾಸ್ಟಿಕ್ ಆನೆಯವರೇ,

ಹೊಟ್ಟೆಯ ಮೇಲಿನ ಗುಂಡಿ ಒತ್ತಿದ ಕೂಡಲೇ, ಎದುರಿಗಿದ್ದವರು ಕೇಳಲಿ ಬಿಡಲಿ, ಇಂಗ್ಲಿಷ್ ಹಾಡು ಕಲಿಸಲು ಮುಂದಾಗುವ ತಮ್ಮ ಉದಾರ ಬುದ್ಧಿಗೆ ಮೊದಲು ನನ್ನ ಅನಂತ ನಮಸ್ಕಾರಗಳು. ತಮ್ಮನ್ನು ಕೊಂಡು ತಂದದ್ದು ನನ್ನ ಮಗಳ ಮೂರು ವರ್ಷದ ಮಗಳಿಗಾಗಿ. ತಮ್ಮಿಂದ ಕಲಿಯಬೇಕಾಗಿ ಬಂದದ್ದು ಮಾತ್ರ ಐವತ್ತೆರಡು ವರ್ಷದ ನನಗೆ. ಈ ಪತ್ರವನ್ನು ಮಂಚದ ಮೇಲೆ ಬೋರಲಾಗಿ ಮಲಗಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು.

ನಾನು ನಮ್ಮ ಬೀದಿಯ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ನೆಲ ಒರೆಸಿ, ಆಮೇಲೆ ದೊಡ್ಡ ಡಾಕ್ಟರ ದಯೆಯಿಂದ ಬಾಗಿಲ ಬಳಿಯ ಕುರ್ಚಿಗೆ ಏರಿದವಳು. ಬಂದವರನ್ನು ಎಲ್ಲಿ ನೋವು ಎಂದು ಕೇಳಿ, ಚೀಟಿ ಬರೆದು ಒಳಗೆ ಕಳಿಸುವುದು ನನ್ನ ಕೆಲಸ. ಕಳೆದ ತಿಂಗಳು ದೊಡ್ಡ ಡಾಕ್ಟರು ನಿವೃತ್ತರಾದರು, ಅವರ ಜಾಗಕ್ಕೆ ಮಗ ಚಿಕ್ಕ ಡಾಕ್ಟರು ಬಂದರು. ಬಂದವರೇ, ಇನ್ನು ಮುಂದೆ ನೋವನ್ನು ಇಂಗ್ಲಿಷಿನಲ್ಲೇ ಕೇಳಬೇಕು, ಇಂಗ್ಲಿಷಿನಲ್ಲೇ ಹೇಳಬೇಕು, ಬೇರೆ ಭಾಷೆಯ ನೋವಿಗೆ ಚೀಟಿ ಇಲ್ಲ ಎಂದು ಬೋರ್ಡು ಹಾಕಿಸಿದರು. ನನಗೆ ಒಂದು ವಾರದ ಗಡುವು ಸಿಕ್ಕಿತು: ಕಲಿತರೆ ಕುರ್ಚಿ, ಇಲ್ಲದಿದ್ದರೆ ಮತ್ತೆ ನೆಲ ಒರೆಸುವ ಕೋಲು.

ಆಗ ನೆನಪಾದವರು ತಾವು. ಕೂದಲಿನಿಂದ ಶುರುವಾಗಿ ಕಾಲ್ಬೆರಳಿನಲ್ಲಿ ಮುಗಿಯುವ, ಹೆಸರು ಹೇಳಿದ ಕಡೆ ಕೈಯಿಟ್ಟು ಹಾಡಬೇಕಾದ ತಮ್ಮ ಆ ಹಾಡನ್ನು ಮೊಮ್ಮಗಳು ನನಗೆ ಕಲಿಸಿದಳು. ಒಂದು ತಪ್ಪಿದರೂ ಮಂಡಿಗೆ ಏಟು, ಮತ್ತೆ ಕೂದಲಿನಿಂದ ಆರಂಭ. ಇದರ ಫಲವಾಗಿ ಕಿವಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಯಾರಾದರೂ ಕೇಳಿದರೆ, ಕೂದಲು, ಹಣೆ, ಕಣ್ಣುಗಳನ್ನು ದಾಟದೆ ಕಿವಿ ಮುಟ್ಟಲಾರದ ವಿದ್ಯೆ ನನಗೆ ಒಲಿಯಿತು.

ಗಡುವಿನ ದಿನ ಬೆಳಗ್ಗೆ ಟೈ ಕಟ್ಟಿದ ದಪ್ಪನೆಯ ಗೃಹಸ್ಥರೊಬ್ಬರು ಬಂದು, ಬೋರ್ಡು ಓದಿ, ಬೆವರಿ, ತುಟಿ ಬಿಗಿದು ನಿಂತರು. ಹಿಂದೆ ಚಿಕ್ಕ ಡಾಕ್ಟರು ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಎದ್ದು ನಿಂತು ಹೇರ್ ಎಂದು ನನ್ನ ತಲೆ ಮುಟ್ಟಿಕೊಂಡೆ. ಆಸ್ಪತ್ರೆಯಲ್ಲಿ ಹೇಳಿಸಿಕೊಂಡದ್ದನ್ನು ಯಾರು ತಾನೇ ಮಾಡುವುದಿಲ್ಲ? ಅವರೂ ತಲೆ ಮುಟ್ಟಿಕೊಂಡು, ಅಲ್ಲ ಎಂಬಂತೆ ಅದನ್ನೇ ಅಲ್ಲಾಡಿಸಿದರು. ಮೂಗು, ಗಲ್ಲ, ಮೊಣಕೈ, ಬೆರಳು ಎಲ್ಲವೂ ಮುಗಿದವು. ಅಲ್ಲಿಂದ ತಾವು ಒಂದೇ ನೆಗೆತಕ್ಕೆ ಮೊಣಕಾಲಿಗೆ ಹಾರುವುದರಿಂದ ನಾನೂ ಹಾರಿದೆ, ಪಾಪ, ಅವರೂ ಹಾರಿದರು. ಕೊನೆಗೆ ಕಾಲ್ಬೆರಳು ಮುಟ್ಟಲು ಅವರು ಬಗ್ಗಿದಾಗ ಕಟಕ್ಕೆಂದು ಸದ್ದಾಗಿ, "ಅಯ್ಯಯ್ಯೋ, ಸೊಂಟ! ಸತ್ತೆ ಕಣಪ್ಪೋ!" ಎಂದು ಅಚ್ಚ ಕನ್ನಡದಲ್ಲಿ ಕಿರುಚಿದರು. ನನ್ನ ಕುರ್ಚಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಅವರು ಮೆಲ್ಲಗೆ ನೆಟ್ಟಗಾಗಿ, "ಅಕ್ಕಾ, ಎರಡು ವರ್ಷದಿಂದ ಹಿಡ್ಕೊಂಡಿದ್ದ ಸೊಂಟ ಬಿಟ್ಟೋಯ್ತು!" ಎಂದು ನನಗೆ ಕೈಮುಗಿದರು.

ಅಂದಿನಿಂದ ಚಿಕ್ಕ ಡಾಕ್ಟರು ನನ್ನ ಕುರ್ಚಿಯನ್ನು ಖಾಯಂ ಮಾಡಿದ್ದಾರೆ, ಆದರೆ ಅದರ ಮೇಲೆ ಕೂರಲು ಬಿಡುತ್ತಿಲ್ಲ. ಊರಿನ ಸೊಂಟಗಳೆಲ್ಲ ಸಾಲುಗಟ್ಟಿ ಬರುತ್ತವೆ, ಪ್ರತಿಯೊಂದರ ಎದುರೂ ನಾನು ಕೂದಲಿನಿಂದ ಕಾಲ್ಬೆರಳಿನವರೆಗೆ ಹಾಡಿ ಬಗ್ಗಬೇಕು. ಹನ್ನೊಂದನೆಯ ದಿನ ಬಗ್ಗಿದವಳು ಏಳಲಿಲ್ಲ. ಎಷ್ಟು ನೋಯುತ್ತದೆಂದರೆ ಮೊಮ್ಮಗಳು ಮಂಚ ಅಲ್ಲಾಡಿಸಿದರೂ ಕಣ್ಣಲ್ಲಿ ನೀರು ಬರುತ್ತದೆ. ಚಿಕ್ಕ ಡಾಕ್ಟರಿಗೆ ಹೇಳಹೋದೆ. ಅವರು ಬೋರ್ಡಿನ ಕಡೆ ಬೆರಳು ತೋರಿಸಿದರು. ಕೇಳಬೇಕಾದವಳೂ ನಾನೇ, ಹೇಳಬೇಕಾದವಳೂ ನಾನೇ, ಇಬ್ಬರಿಗೂ ಆ ಪದ ಗೊತ್ತಿಲ್ಲವಾದ್ದರಿಂದ ನನಗೆ ನಾನು ಚೀಟಿ ಬರೆದುಕೊಳ್ಳಲಾಗಲಿಲ್ಲ.

ಆದ್ದರಿಂದ ಘನತೆವೆತ್ತ ತಾವು ದಯಮಾಡಿ ಬೆರಳು ಮತ್ತು ಮೊಣಕಾಲಿನ ನಡುವೆ ಒಂದು ಸೊಂಟವನ್ನು ಸೇರಿಸಿಕೊಡಬೇಕು. ಸಾಧ್ಯವಾದರೆ ಬೆನ್ನು, ಎದೆ, ಹೊಟ್ಟೆಗಳನ್ನೂ ಕರುಣಿಸಬೇಕು, ಏಕೆಂದರೆ ದೊಡ್ಡವರಿಗೆ ನೋವು ಬರುವುದೆಲ್ಲ ತಾವು ಹಾರಿ ದಾಟುವ ಜಾಗದಲ್ಲೇ. ತಮ್ಮ ಇನ್ನೊಂದು ಗುಂಡಿ ಒತ್ತಿದರೆ ಬರುವ ಪ್ರಾಣಿಗಳ ಹಾಡಿನ ಜಿರಾಫೆ, ತಿಮಿಂಗಿಲಗಳನ್ನು ಬೇಕಿದ್ದರೆ ಹಿಂದಕ್ಕೆ ಪಡೆಯಿರಿ. ಅವು ಇದುವರೆಗೂ ನಮ್ಮಲ್ಲಿ ಚೀಟಿ ಬರೆಸಲು ಬಂದಿಲ್ಲ.

ಕೂದಲಿನಿಂದ ಕಾಲ್ಬೆರಳಿನವರೆಗೆ, ನಡುವಿನ ಒಂದು ಭಾಗ ಹೊರತುಪಡಿಸಿ,
ತಮ್ಮ ವಿಶ್ವಾಸಿ,
ಬಾಗಿಲ ಬಳಿಯ ಕುರ್ಚಿಯವಳು

ಮರೆತ ಮಾತು: ಪತ್ರ ಮುಗಿಸಿ ಮಗ್ಗುಲಿಗೆ ಹೊರಳಿದಾಗ ತಮ್ಮನ್ನು ಸರಿಯಾಗಿ ನೋಡಿದೆ. ಕುತ್ತಿಗೆಯಿಂದ ಬಾಲದವರೆಗೆ ತಾವು ಒಂದೇ ಉಂಡೆ, ಸೊಂಟ ಎಂಬುದು ತಮಗೇ ಇಲ್ಲ. ಇಲ್ಲದವರನ್ನು ಕೇಳಿದ್ದು ನನ್ನದೇ ತಪ್ಪು. ಚಿಕ್ಕ ಡಾಕ್ಟರಿಗೂ ಇನ್ನೂ ಮೂವತ್ತು ತುಂಬಿಲ್ಲ. ಅವರಿಗೆ ಸೊಂಟ ಬರುವವರೆಗೆ ಕಾಯುತ್ತೇನೆ. ಅಂದು ಅವರು ನನ್ನ ಕುರ್ಚಿಯ ಮುಂದೆ ಬಂದು ಯಾವ ಭಾಷೆಯಲ್ಲಿ ಕಿರುಚಿದರೂ, ನಾನು ಚೀಟಿ ಬರೆಯುತ್ತೇನೆ.