ಲೂಡೋನ ತಲೆಬಾಗಿಲು

ತೊಂದರೆ ಶುರುವಾದದ್ದು ಒಂದು ಕಪಾಟಿನಿಂದ. ಲೂಡೋನ ಹೆಂಡತಿ ಗ್ರೀಟಳ ತಾಯಿ ತೀರಿಕೊಂಡಾಗ ಬಿಟ್ಟುಹೋದ ಓಕ್ ಮರದ ಆ ಕಪಾಟು ಮುಂದಿನ ಕೋಣೆಯ ಯಾವ ಗೋಡೆಗೂ ಒಗ್ಗಲಿಲ್ಲ. ಒಗ್ಗುವ ಒಂದೇ ಒಂದು ಗೋಡೆಯಲ್ಲಿ ಮನೆಯ ತಲೆಬಾಗಿಲಿತ್ತು.

"ಕಪಾಟು ಅಮ್ಮನದು, ಬಾಗಿಲು ನಮ್ಮದು. ಸರಿಯೋದಾದ್ರೆ ನಾವೇ ಸರೀಬೇಕು," ಎಂದಳು ಗ್ರೀಟ್.

ಅತ್ತೆಯ ಸಾಮಾನಿನ ವಿಷಯದಲ್ಲಿ ಬಾಯಿ ಬಿಡಬಾರದೆಂಬುದು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಲೂಡೋ ಕಲಿತ ಪಾಠ. ಪುರಸಭೆಯ ಕಟ್ಟಡ ವಿಭಾಗಕ್ಕೆ ಅರ್ಜಿ ಹಾಕಿದ. ಮೊಹರು ಬಿತ್ತು, ಬಡಗಿ ಬಂದ, ಬಾಗಿಲು ಎರಡೂವರೆ ಮೀಟರು ಎಡಕ್ಕೆ ಸರಿಯಿತು. ಇದಾಗಿ ಒಂದು ತಿಂಗಳು. ಲೂಡೋ ಆ ಸಂಗತಿಯನ್ನು ಮರೆತೇಬಿಟ್ಟಿದ್ದ.

ಮರೆಯದೆ ಏನು ಮಾಡಿಯಾನು? ಅವನ ತಲೆಯಲ್ಲಿ ಒಂದು ವರ್ಷದಿಂದ ಮನೆವಿಳಾಸಗಳ ಸಾಫ್ಟ್‌ವೇರ್ ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಝಾಂಡೆಲ್ ಪುರಸಭೆಯ ಒಂಬತ್ತು ಸದಸ್ಯರಲ್ಲಿ ಅವನೂ ಒಬ್ಬ. ಆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅದರ ಖರೀದಿ ಸಭೆಯ ಮುಂದೆ ಬರುವುದಿತ್ತು. ನಾಲ್ವರು ಬೇಕೆನ್ನುವವರು, ನಾಲ್ವರು ಬೇಡವೆನ್ನುವವರು. ಒಂಬತ್ತನೆಯವನು ಲೂಡೋ.

ಸಭೆಗೆ ಮೊದಲು ಅವನು ಪಕ್ಕದ ಮನೆಯ ಲಿಯೊಂಟಿನಜ್ಜಿಯನ್ನು ಕರೆದುಕೊಂಡು ಹೋಗಲು ಬಂದ. ಅಜ್ಜಿ ಮುಂದಿನ ಸಾಲಿನಲ್ಲಿ ಕೂತರೆ ಯಾವ ಕಲ್ಲೆದೆಯೂ ಕರಗುತ್ತದೆಂದು ಅವನ ಲೆಕ್ಕ. ಎಂಬತ್ತನಾಲ್ಕರ ಅಜ್ಜಿ ಟೋಪಿ ಹಾಕಿಕೊಂಡು ಸಿದ್ಧವಾಗಿದ್ದಳು. ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು.

"ಸ್ವಲ್ಪ ಬಟಾಣಿ ಸೂಪು ಕುಡೀತೀಯೇನೋ ಮಗಾ?"

"ಅಯ್ಯೋ ಬೇಡ ಅಜ್ಜಿ! ಆ ಹಸಿರು ಗಂಜಿ ನೋಡಿದ್ರೇನೇ ನಂಗೆ ಹೊಟ್ಟೆ ತೊಳಸುತ್ತೆ."

"ಇವತ್ತು ನಿಂದು ಪಾಸಾದ್ರೆ, ಆ ಕಡೆಯವರಿಗೂ ಈ ಕಡೆಯವರಿಗೂ ನನ್ನ ವಿಷಯ ಎಲ್ಲಾ ಗೊತ್ತಾಗುತ್ತಾ?"

"ಎಲ್ಲಾ ಗೊತ್ತಾಗುತ್ತೆ."

"ಯಾರು ಬಂದ್ರು, ಏನು ತಂದ್ರು, ಎಲ್ಲಾನೂ?"

"ಎಲ್ಲಾನೂ ಅಜ್ಜಿ. ನೀವಿನ್ನು ನಿಶ್ಚಿಂತೆಯಾಗಿರಿ."

ಅಜ್ಜಿ "ಹೂಂ" ಎಂದು ಪಾತ್ರೆಗಳ ಮೇಲೆ ಮುಚ್ಚಳ ಸರಿಮಾಡಿದಳು.

ಝಾಂಡೆಲ್ ಊರಿನ ಅರ್ಧ ಬೆಲ್ಜಿಯಂ, ಇನ್ನರ್ಧ ಹಾಲೆಂಡ್. ಎರಡಕ್ಕೂ ಬೇರೆ ಬೇರೆ ಪುರಸಭೆ, ಲೂಡೋ ಇದ್ದದ್ದು ಬೆಲ್ಜಿಯಂನದರಲ್ಲಿ. ಗಡಿಯೆಂದರೆ ಬೇಲಿಯಲ್ಲ, ಕಾವಲಿಲ್ಲ. ಕಾಲುದಾರಿಯ ಕಲ್ಲಿನ ಮೇಲೆ ಬಿಳಿ ಶಿಲುಬೆಗಳ ಗುರುತು, ಅಷ್ಟೆ. ಅದು ಅಂಗಳ ದಾಟಿ ಅಡುಗೆಮನೆಗೆ ನುಗ್ಗಿ, ಕೆಲವರ ಮಂಚದ ಕೆಳಗೂ ಹಾಯುತ್ತದೆ. ಹಾಗಾದರೆ ಮನೆ ಯಾವ ದೇಶದ್ದು? ತಲೆಬಾಗಿಲು ಯಾವ ನೆಲಕ್ಕೆ ತೆರೆಯುತ್ತದೋ ಆ ದೇಶದ್ದು. ಮುತ್ತಜ್ಜಂದಿರ ಕಾಲದ ಕಟ್ಟಳೆ. ಆದರೆ ಲಿಯೊಂಟಿನಜ್ಜಿಯ ಹಣೆಬರಹಕ್ಕೆ ಗಡಿ ಅವಳ ತಲೆಬಾಗಿಲಿನ ನಟ್ಟನಡುವೆಯೇ ಹಾದಿತ್ತು.

ಕಳೆದ ಜನವರಿಯಲ್ಲಿ ಅಜ್ಜಿ ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಂಬುಲೆನ್ಸಿಗೆ ಫೋನೇನೋ ಮಾಡಿದಳು. ಈ ದೇಶದ ಪಟ್ಟಿಯಲ್ಲಿ ಆ ವಿಳಾಸ ಆ ದೇಶದ್ದೆಂದಿತ್ತು, ಆ ದೇಶದ ಪಟ್ಟಿಯಲ್ಲಿ ಈ ದೇಶದ್ದೆಂದಿತ್ತು. ಅವರು ಹೊರಟಿರುತ್ತಾರೆ ಎಂದು ಇವರು, ಇವರು ಹೊರಟಿರುತ್ತಾರೆ ಎಂದು ಅವರು ಸುಮ್ಮನಾದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಒಂದು ಗಂಟೆ ನಲವತ್ತು ನಿಮಿಷ ಅಜ್ಜಿ ತಣ್ಣನೆಯ ಕಲ್ಲುನೆಲದ ಮೇಲೆ ಬಿದ್ದಿದ್ದಳು. ಕೊನೆಗೆ ನರಳುವುದು ಕೇಳಿ ಓಡಿ ಬಂದವನು ಲೂಡೋ. ತನ್ನ ಕೋಟು ಹೊದಿಸಿ ಅವಳ ಕೈ ಹಿಡಿದು ಕೂತಾಗ ಆ ಕೈ ಮಂಜಿನಂತಿತ್ತು. "ಇನ್ನೊಂದ್ಸಲ ಹೀಗಾಗೋಕೆ ಬಿಡಲ್ಲ ಅಜ್ಜಿ, ದೇವರಾಣೆ," ಎಂದು ಅಂದು ಕೊಟ್ಟ ಮಾತು ಅವನನ್ನು ರಾತ್ರಿ ಹಗಲು ಕಾಡಿತ್ತು.

ಪುರಸಭೆಯಲ್ಲಿ ವಿಚಾರಿಸಿದರೆ ತೆರಿಗೆಯವರ ಬಳಿ ವಿಳಾಸಗಳ ಒಂದು ಪಟ್ಟಿ, ಕಸದವರ ಬಳಿ ಇನ್ನೊಂದು, ಕಟ್ಟಡದವರ ಬಳಿ ಮತ್ತೊಂದು. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಆಗಿಬರದು. ಲೂಡೋ ಹಟ ಹಿಡಿದ. ಒಂದು ಮನೆಗೆ ಒಂದೇ ಸಂಖ್ಯೆ, ಆ ಸಂಖ್ಯೆಗೆ ಎಲ್ಲ ವಿಭಾಗದ ಕಡತಗಳೂ ಕಟ್ಟಿಕೊಂಡಿರಬೇಕು, ಗಡಿಯಾಚೆಯವರ ಪಟ್ಟಿಗೂ ಕೊಂಡಿ ಇರಬೇಕು, ಸ್ವಂತ ಪಟ್ಟಿ ಇಟ್ಟುಕೊಳ್ಳುವ ಸಾಫ್ಟ್‌ವೇರು ನಮ್ಮ ಹೊಸ್ತಿಲು ತುಳಿಯಬಾರದು ಎಂದು ಟೆಂಡರಿನಲ್ಲೇ ಬರೆಸಿದ. ಬಂದ ಮೂರು ಕಂಪನಿಗಳಲ್ಲಿ ಇದಕ್ಕೆ ಒಪ್ಪಿದ್ದು ಒಂದೇ.

ಸಭೆ ಸೇರಿತು. ಕಂಪನಿಯಿಂದ ಎಲ್ಕ ಎಂಬ ಹುಡುಗಿ ಕಂಪ್ಯೂಟರು ತಂದು ಗೋಡೆಗೆ ಪರದೆ ಕಟ್ಟಿದ್ದಳು. ವಿರೋಧದ ಮುಂದಾಳು ಮಾಂಸದಂಗಡಿಯ ಗುಸ್ತ್. ಅವನಿಗೆ ಎರಡು ನಾಯಿಗಳು. ನಾಯಿ ಸಾಕುವ ತೆರಿಗೆಗೆ ಈ ದೇಶದವರು ಬಂದರೆ ನಾಯಿ ಆ ದೇಶದ್ದು, ಆ ದೇಶದವರು ಬಂದರೆ ನಾಯಿ ಈ ದೇಶದ್ದು.

"ಇಷ್ಟು ದಿನ ನಮಗೇನು ಕಮ್ಮಿಯಾಗಿತ್ತು?" ಎಂದ ಗುಸ್ತ್. "ಬಲಗೈಲಿ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ದೊಡ್ಡೋರೇ ಹೇಳಿದ್ದಾರೆ."

"ಅದು ದಾನಕ್ಕೆ ಹೇಳಿದ್ದು, ನಾಯಿಗಲ್ಲ," ಎಂದ ಲೂಡೋ. ಆಮೇಲೆ ಅಜ್ಜಿಯ ಕಡೆ ಕೈ ತೋರಿಸಿ ಆ ಒಂದು ಗಂಟೆ ನಲವತ್ತು ನಿಮಿಷದ ಕತೆ ಹೇಳಿದ. ಕೈ ಎತ್ತಿದಾಗ ಐದು, ನಾಲ್ಕು. ಖರೀದಿ ಪಾಸಾಯಿತು.

ಲೂಡೋನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಮೇಯರ್ ಸಾಹೇಬ್ರೇ, ಮೊದಲನೇ ವಿಳಾಸ ನಂದೇ ನೋಡೋಣ! ಮೊಲೆನ್ ಬೀದಿ, ಹನ್ನೊಂದು. ನಂದೇನೂ ಮುಚ್ಚುಮರೆ ಇಲ್ಲ ಅಂತ ಊರಿಗೆ ಗೊತ್ತಾಗ್ಲಿ."

ಎಲ್ಕ ಒತ್ತಿದಳು. ತೆರಿಗೆ ಬಂತು, ಸರಿಯಿದೆ. ಕಸದ ಡಬ್ಬ ಬಂತು, ಸರಿಯಿದೆ. ಕಟ್ಟಡ ವಿಭಾಗದ ಹೊಸ ಬಾಗಿಲಿನ ಪರವಾನಗಿ ಬಂತು. ಅದರ ಹಿಂದೆಯೇ ನಕಾಶೆ ಬಂತು. ನಕಾಶೆಯಲ್ಲಿ ಬಾಗಿಲು ಮೆಲ್ಲಗೆ ಗಡಿಗೆರೆ ದಾಟಿ ಆ ಕಡೆ ಹೋಗಿ ನಿಂತಿತು. ಕೆಳಗೆ ಕೆಂಪಕ್ಷರ: ಈ ವಿಳಾಸ ನಿಮ್ಮ ಪುರಸಭೆಗೆ ಸೇರಿದ್ದಲ್ಲ.

"ಸಾಫ್ಟ್‌ವೇರ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ ಸರ್!" ಎಂದಳು ಎಲ್ಕ ಹೆಮ್ಮೆಯಿಂದ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದು ಸತ್ತಂತಾಯಿತು. ಹೊರದೇಶದಲ್ಲಿ ವಾಸವಿರುವವನು ಪುರಸಭೆಯ ಸದಸ್ಯನಾಗುವುದುಂಟೇ? ಗುಸ್ತ್ ಎದ್ದು ನಿಂತ.

"ಇವನು ಇಲ್ಲಿಯವನಲ್ಲ ಅಂದ್ಮೇಲೆ ಇವನ ಓಟು ಓಟೇ ಅಲ್ಲ. ಓಟಿಲ್ಲ ಅಂದ್ರೆ ಸಾಫ್ಟ್‌ವೇರ್ ಕೊಂಡಿಲ್ಲ. ಕೊಂಡೇ ಇಲ್ಲದ ಸಾಫ್ಟ್‌ವೇರ್ ಮಾತಿಗೆ ಬೆಲೆ ಇಲ್ಲ. ಬೆಲೆ ಇಲ್ಲ ಅಂದ್ರೆ ಇವನು ಇಲ್ಲಿಯವನೇ. ಇಲ್ಲಿಯವನೇ ಅಂದ್ರೆ ಓಟು ಓಟೇ... ಥತ್, ಇದೇನಯ್ಯಾ ಇದು?" ಎಂದು ತಲೆ ಹಿಡಿದುಕೊಂಡು ಕೂತ.

ಮೇಯರ್ ಗಂಭೀರ ಮನುಷ್ಯ. ಕೊರಳಿನ ಪಟ್ಟಿ ಸರಿಮಾಡಿಕೊಂಡು ಎದ್ದರು. "ಸಾಫ್ಟ್‌ವೇರ್ ಮಾತು ಬಿಡಿ. ಬಿಳಿ ಶಿಲುಬೆ ಸುಳ್ಳು ಹೇಳಲ್ಲ. ನಡೀರಿ, ನೋಡೇಬಿಡೋಣ."

ಒಂಬತ್ತು ಜನ ಸದಸ್ಯರು, ಹಿಂದೆ ಎಲ್ಕ, ಅವಳ ಹಿಂದೆ ನಡಿಗೆಗಾಡಿ ತಳ್ಳುತ್ತ ಲಿಯೊಂಟಿನಜ್ಜಿ, ಶವಯಾತ್ರೆಯ ಗತಿಯಲ್ಲಿ ಮೊಲೆನ್ ಬೀದಿಗೆ ಬಂದರು. ಶಿಲುಬೆ ಹಳೆಯ ಬಾಗಿಲಿದ್ದ ಜಾಗದ ಎಡಕ್ಕೇ ಇತ್ತು. ಹೊಸ ಬಾಗಿಲು ಅದರಿಂದಲೂ ಎಡಕ್ಕೆ, ಹಾಲೆಂಡಿನಲ್ಲಿ. ಒಂದು ತಿಂಗಳಿಂದ ಊರೆಲ್ಲ ಅದರ ಮುಂದೆಯೇ ಓಡಾಡಿತ್ತು, ಒಬ್ಬರಿಗೂ ಕಂಡಿರಲಿಲ್ಲ. ಗದ್ದಲ ಕೇಳಿ ಗ್ರೀಟ್ ಬಾಗಿಲು ತೆರೆದಳು.

"ಓಹೋ, ಎಲ್ಲರೂ ಬಂದ್ರಾ! ಬನ್ನಿ ಬನ್ನಿ, ಕಾಫಿ ಇದೆ. ಅಮ್ಮನ ಕಪಾಟು ಹೇಗೆ ಕೂತಿದೆ ನೋಡಿ!"

"ಕ್ಷಮಿಸಿ ಅಮ್ಮಾ," ಎಂದರು ಮೇಯರ್. "ಹೊರದೇಶದಲ್ಲಿ ನಾವು ಸಭೆ ನಡೆಸೋ ಹಾಗಿಲ್ಲ."

ಲೂಡೋ ತನ್ನ ಹೊಸ್ತಿಲ ಮೇಲೆ ನಿಂತ. ಸಭೆ ಮೂರಡಿ ದೂರದ ಕಾಲುದಾರಿಯಲ್ಲಿ, ಬೆಲ್ಜಿಯಂನಲ್ಲಿ ನಿಂತಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಳಿದದ್ದು ನಾಲ್ಕಕ್ಕೆ ನಾಲ್ಕು. ಖಾಲಿಯಾದ ಸ್ಥಾನಕ್ಕೆ ಚುನಾವಣೆಯ ಪಟ್ಟಿಯಲ್ಲಿ ಲೂಡೋನ ನಂತರ ಯಾರಿದ್ದಾರೆಂದು ಮೇಯರ್ ಕೇಳಿದರು.

"ನನ್ನ ಹೆಂಡತಿ."

"ಅವರೂ ಇದೇ ಬಾಗಿಲಲ್ಲೇ ನಿಂತಿದ್ದಾರಲ್ಲ. ಅವರಾದ ಮೇಲೆ?"

ಲೂಡೋನ ಮುಖ ಮೆಲ್ಲನೆ ಅರಳಿತು. ಪಟ್ಟಿಯ ಕೊನೆಗೊಂದು ಒಳ್ಳೆಯ ಹೆಸರಿರಲಿ ಎಂದು ಅವನೇ ಕಾಡಿ ಬೇಡಿ ಹಾಕಿಸಿದ್ದ. "ಲಿಯೊಂಟಿನಜ್ಜಿ! ಅವರ ಅರ್ಧ ಬಾಗಿಲು ಬೆಲ್ಜಿಯಂನಲ್ಲೇ ಇದೆ, ಓಟೂ ಅಲ್ಲೇ ಇದೆ!"

ಅವನ ಸ್ಥಾನ ಹೋದರೆ ಹೋಗಲಿ. ಅಜ್ಜಿಗೆ ಕೊಟ್ಟ ಮಾತು ಉಳಿಯುತ್ತದಲ್ಲ, ಅದೂ ಅಜ್ಜಿಯ ಕೈಯಿಂದಲೇ! ಲೂಡೋನ ಕಣ್ಣಲ್ಲಿ ನೀರಾಡಿತು.

ಅಜ್ಜಿ ನಡಿಗೆಗಾಡಿಯಿಂದ ಒಂದು ಕೈ ಬಿಟ್ಟು ಬೆಲ್ಜಿಯಂ ಅರಸರಿಗೆ ನಿಷ್ಠೆಯ ಪ್ರಮಾಣ ಮಾಡಿದಳು. ಮೇಯರ್ ಮತ್ತೆ ಮತಕ್ಕೆ ಹಾಕಿದರು. ಬೇಕು ಎನ್ನುವವರು? ನಾಲ್ಕು ಕೈ. ಬೇಡ ಎನ್ನುವವರು? ನಾಲ್ಕು ಕೈ ಎದ್ದವು. ಆಮೇಲೆ, ನಿಧಾನವಾಗಿ, ಕಪ್ಪು ಕೈಗವಸು ಹಾಕಿದ ಐದನೆಯ ಕೈಯೂ ಎದ್ದಿತು.

"ಅಜ್ಜೀ!" ಲೂಡೋ ಹೊಸ್ತಿಲಿನಿಂದಲೇ ಕೂಗಿದ. "ಇದೆಲ್ಲಾ ನಿಮಗೋಸ್ಕರಾನೇ ಅಲ್ವಾ ಮಾಡಿದ್ದು?"

ಗುಸ್ತ್ ಎಲ್ಲರಿಗಿಂತ ಮೊದಲು ಜಾಗ ಖಾಲಿ ಮಾಡಿದ. ಉಳಿದವರೂ ಚದುರಿದರು. ಅಜ್ಜಿ ಗಾಡಿ ತಳ್ಳಿಕೊಂಡು ಶಿಲುಬೆ ದಾಟಿ ಬಂದು ಅವನ ಕೈ ಹಿಡಿದಳು.

"ನಾನು ಬಿದ್ದ ದಿನ ಯಾರೂ ಬರಲಿಲ್ಲ, ನಿಜ ಮಗಾ. ಅದಾದ್ಮೇಲೆ ಎರಡೂ ಕಡೆಯವರಿಗೂ ನಾಚಿಕೆಯಾಗಿ ಇಬ್ಬರೂ ಒಬ್ಬೊಬ್ಬರನ್ನ ಕಳಿಸ್ತಾರೆ. ಬೆಳಿಗ್ಗೆ ಎಂಟಕ್ಕೆ ಹಾಲೆಂಡ್ ಕಡೆಯ ಹುಡುಗಿ ಬಟಾಣಿ ಸೂಪು ತಂದು ಅರ್ಧ ಗಂಟೆ ಮಾತಾಡಿ ಹೋಗ್ತಾಳೆ. ಒಂಬತ್ತಕ್ಕೆ ಬೆಲ್ಜಿಯಂ ಕಡೆಯವಳು ಮಾಂಸದುಂಡೆ ಹಾಕಿದ ಟೊಮೇಟೊ ಸೂಪು ತಂದು ಅರ್ಧ ಗಂಟೆ ಕೂರ್ತಾಳೆ. ಅವಳು ಬರೋದು ಇವಳಿಗೆ ಗೊತ್ತಿಲ್ಲ, ಇವಳು ಬರೋದು ಅವಳಿಗೆ ಗೊತ್ತಿಲ್ಲ. ನಿನ್ನ ಸಾಫ್ಟ್‌ವೇರ್ ಬಂದಿದ್ರೆ ಒಬ್ಬಳು ನಿಂತು ಹೋಗ್ತಿದ್ಲು. ಯಾರನ್ನೋ ನಾನು ಬೇಡ ಅನ್ನಲಿ?"

ಲೂಡೋನ ಸ್ಥಾನ ಹೋಗಿತ್ತು, ಸಾಫ್ಟ್‌ವೇರು ಹೋಗಿತ್ತು, ದೇಶವೂ ಮೂರಡಿ ಆಚೆ ಉಳಿದಿತ್ತು. ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ.

"ಮುಖ ಸಣ್ಣ ಮಾಡ್ಕೋಬೇಡ. ಬಾ, ಊಟದ ಹೊತ್ತಾಯ್ತು, ಎರಡು ಪಾತ್ರೆ ಇದೆ," ಎಂದಳು ಅಜ್ಜಿ.

"ನಂಗೆ ಟೊಮೇಟೊದು ಕೊಡಿ ಅಜ್ಜಿ," ಎಂದ ಲೂಡೋ ಸೋತ ದನಿಯಲ್ಲಿ.

ಅಜ್ಜಿ ಅವನ ಹೊಸ ಬಾಗಿಲನ್ನೂ ಕೆಳಗಿನ ಬಿಳಿ ಶಿಲುಬೆಯನ್ನೂ ಒಮ್ಮೆ ನೋಡಿದಳು.

"ಅದು ಬೆಲ್ಜಿಯಂ ಕಡೆಯವರಿಗೆ ಕಣೋ. ನಿನಗಿನ್ನು ಬಟಾಣಿದೇ."