ಸ್ಪಿರಿಟ್ ಹಿಡಿಯುವ ಪುಡಿ

ಆಲ್ಕೋಹಾಲನ್ನು ಹಿಡಿದುಕೊಡುವ ಅಣು ಕಟ್ಟಲು ಹೊರಟವನು ಮೊದಲು ತಾನೇ ಸಿಕ್ಕಿಬೀಳುತ್ತಾನೆ. ನನ್ನ ಪಾಲಿಗಂತೂ ಇದು ತಪ್ಪಿದ್ದಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಉಳಿದ ಹೊತ್ತಿನಲ್ಲಿ ಹೊಳೆಯುವ ಪುಡಿ ತಯಾರಿಸುತ್ತಿದ್ದೆ. ನೇರಳೆ ದೀಪದ ಕೆಳಗೆ ಅದು ಮೆಥನಾಲಿನಲ್ಲಿ ನೀಲಿಯಾಗಿ, ಎಥನಾಲಿನಲ್ಲಿ ಹಸಿರಾಗಿ ಹೊಳೆಯಬೇಕು; ಎರಡೂ ಇಲ್ಲದಿದ್ದರೆ ಸುಮ್ಮನಿರಬೇಕು. ಹೆತ್ತ ಉಮ್ಮ ಬಂಟ್ವಾಳದಲ್ಲಿ, ನಾನು ಶಿರ್ತಾಡಿಯ ಬಾಡಿಗೆ ಕೋಣೆಯಲ್ಲಿ. ಮಾತಾಡಲು ಜನವಿರಲಿಲ್ಲ.

೧. ಖಾಲಿ ಸೀಟು

ಒಂದು ಸಂಜೆ ಲ್ಯಾಬಿನಲ್ಲಿ ಅಂಗಿಯ ಮೇಲೆ ಎಥನಾಲ್ ಚೆಲ್ಲಿಕೊಂಡು ಹಾಗೆಯೇ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಅಜ್ಜ ಮೂಗು ಮುಚ್ಚಿಕೊಂಡು ಎದ್ದುಹೋದರು. ಅಷ್ಟು ತುಂಬಿದ ಬಸ್ಸಿನಲ್ಲೂ ಆ ಸೀಟಿಗೆ ಯಾರೂ ಬರಲಿಲ್ಲ. ಕೊನೆಗೆ ತೂರಾಡುತ್ತ ಬಂದವನೊಬ್ಬ ಕುಳಿತು, ಭುಜಕ್ಕೆ ತಲೆ ಆನಿಸಿ, "ನಿಮ್ಮದು ಒಳ್ಳೆ ಮಾಲು ಮಾರಾಯ್ರೇ, ಎಲ್ಲಿ ಸಿಗ್ತದೆ?" ಎಂದ. ಇಳಿಯುವವರೆಗೂ ಕಷ್ಟಸುಖ ಹೇಳಿಕೊಂಡ. ಆ ವಾರವಿಡೀ ನನ್ನೊಂದಿಗೆ ಮನಬಿಚ್ಚಿ ಮಾತಾಡಿದವನು ಅವನೊಬ್ಬನೇ.

೨. ವಾಚ್‌ಮನ್ನನ ಮೂಗು

ಅಣುವಿನ ಬಾಲ ಕತ್ತರಿಸಿ, ಬೇರೆ ಬಾಲ ಜೋಡಿಸಿ, ನಾಲ್ಕು ವರ್ಷ ಹೆಣಗಿದ ಮೇಲೆ ಒಂದು ಭಾನುವಾರ ನೀಲಿ ನೀಲಿಯಾಗಿ, ಹಸಿರು ಹಸಿರಾಗಿ ಹೊಳೆಯಿತು. ಯಾರಿಗಾದರೂ ತೋರಿಸದಿದ್ದರೆ ಎದೆ ಒಡೆಯುತ್ತಿತ್ತು. ಗೇಟಿನ ವಾಚ್‌ಮನ್ನನನ್ನು ಕೈಹಿಡಿದು ಎಳೆತಂದೆ. ಅವನು ಎರಡೂ ಟ್ಯೂಬುಗಳನ್ನು ಶ್ರದ್ಧೆಯಿಂದ ನೋಡಿದ.

"ಚಂದ ಉಂಟು ಸರ್. ಆದ್ರೆ ಸ್ಪಿರಿಟ್ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಇಷ್ಟೆಲ್ಲ ಯಾಕೆ? ನನ್ನನ್ನು ಕರೆದಿದ್ರೆ ಮೂಸಿ ಹೇಳ್ತಿದ್ದೆ."

೩. ಅತ್ತರಿನ ಮಾವ

ಎರಡು ಸಂಬಂಧಗಳು 'ಹುಡುಗನಿಗೆ ಆಲ್ಕೋಹಾಲಿನ ಕೆಲಸವಂತೆ' ಎಂದೇ ಮುರಿದಿದ್ದವು. ಮೂರನೆಯದು ಬೆಳ್ತಂಗಡಿಯಲ್ಲಿ. ಹುಡುಗಿಯ ತಂದೆ ಗಲ್ಫಿನಿಂದ ಬಂದು ಮನೆಯ ಮುಂದೆಯೇ ಅತ್ತರಿನ ಅಂಗಡಿ ಇಟ್ಟವರು. "ಕೆಮಿಸ್ಟ್ರಿ ಅಂತ ಮಾತ್ರ ಹೇಳು, ಆ ಸುದ್ದಿ ಎತ್ತಬೇಡ" ಎಂದು ಉಮ್ಮ ದಾರಿಯುದ್ದಕ್ಕೂ ಹೇಳಿದ್ದರು. ಆದರೆ ಶರಬತ್ತು ತಂದ ಹುಡುಗಿ, "ಕೆಮಿಸ್ಟ್ರಿಯಲ್ಲಿ ಏನು ಮಾಡ್ತೀರಿ?" ಎಂದು ಕೇಳಿಬಿಟ್ಟಳು. ಹೇಳಿದೆ. "ಅದು ಯಾಕೆ ಹೊಳೆಯುದು?" ಎಂದಳು. ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ಇವಳನ್ನೇ ಮದುವೆಯಾಗಬೇಕು ಎಂದು ಅಲ್ಲೇ ನಿರ್ಧರಿಸಿದೆ.

ತಂದೆಗೂ ಸಿಟ್ಟು ಬರಲಿಲ್ಲ, ಹುರುಪು ಬಂತು. "ಹಾಗಾದ್ರೆ ನಮ್ಮ ಅತ್ತರನ್ನೇ ನೋಡುವ! ಒಂದು ಹನಿ ಸ್ಪಿರಿಟ್ ಇಲ್ಲ" ಎಂದು ಅಂಗಡಿಯಿಂದ ಕಳ್ಳನೋಟು ನೋಡುವ ನೇರಳೆ ದೀಪವನ್ನೂ ತಂದರು. ಬರೀ ಅತ್ತರಿಗೆ ದೀಪ ಹಿಡಿದರೆ ಏನೂ ಇಲ್ಲ. ಜೇಬಿನಲ್ಲಿದ್ದ ಪುಡಿ ಚಿಟಿಕೆ ಹಾಕಿದೆ. ಬಾಟಲಿ ಹಚ್ಚಹಸಿರು. ಉಮ್ಮ ತಲೆಯ ಮೇಲೆ ಕೈಹೊತ್ತರು. ಸುಳ್ಳು ಹೇಳೋಣವೆಂದರೆ ಬಣ್ಣವನ್ನು ಎಲ್ಲರೂ ನೋಡಿಯಾಗಿತ್ತು.

ತಿಂಗಳಾದರೂ ಸುದ್ದಿ ಬರಲಿಲ್ಲ. ಒಂದು ದಿನ ಆ ತಂದೆಯೇ ಚೀಲ ಹಿಡಿದು ಲ್ಯಾಬಿಗೆ ಬಂದರು. ಚೀಲದಲ್ಲಿ ಬೇರೆ ಬೇರೆ ಅತ್ತರಿನ ಬಾಟಲಿಗಳು. ಊಟ ಬಿಟ್ಟು ಒಂದೊಂದನ್ನೂ ಪರೀಕ್ಷಿಸಿದೆ. ಒಂದು ಮಾತ್ರ ಹೊಳೆಯದೆ ಉಳಿಯಿತು.

"ನಿಮ್ಮಂಥ ಸತ್ಯವಂತರು ಸಿಗುದಿಲ್ಲ ಮಾಸ್ಟ್ರೇ" ಎಂದು ಕೈ ಹಿಡಿದುಕೊಂಡರು. ಧೈರ್ಯ ಮಾಡಿ, "ಹಾಗಾದರೆ ಆ ವಿಷಯ..." ಎಂದೆ.

"ಅದಕ್ಕೇ ಬಂದದ್ದು. ಮಗಳ ನಿಕಾಹ್ ಬರುವ ವಾರ, ಮಂಗಳೂರಿನ ಹುಡುಗ. ಅವ ಭಾರೀ ಕಟ್ಟುನಿಟ್ಟು, ಸ್ಪಿರಿಟ್ ಇದ್ರೆ ಮುಟ್ಟುದಿಲ್ಲ" ಎಂದು ಹೊಳೆಯದ ಬಾಟಲಿಯ ಮುಚ್ಚಳ ತೆಗೆದರು. "ಕೈ ಚಾಚಿ, ಮೊದಲು ನಿಮಗೇ ಹಚ್ಚುವ."