ಸೋಮವಾರ ಹೂಡಬಾರದ ಮೋಟಾರು

ಮೋಟಾರು ಕಲಿಯುವವನು ರಸ್ತೆಗಿಳಿದರೆ ಸಾಕು, ನಗೆಪಾಟಲುಗಳು ತಾವೇ ಮನೆ ಕೇಳಿಕೊಂಡು ಬರುತ್ತವೆ. ಅದರಲ್ಲೂ ನನ್ನಂಥ ಎತ್ತಿನ ಚಕ್ಕಡಿ ಹೊಡೆಯುವವನು, ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ, ಮೂವತ್ತರ ದಶಕದಲ್ಲಿ ಕಲಿಯಲು ಹೊರಟರೆ ಕೇಳಬೇಕೆ?

ನಮ್ಮ ಸಾಹುಕಾರರದು ಅರಳೆ ವ್ಯಾಪಾರ. ಒಂದು ವರ್ಷ ಸುಗ್ಗಿ ಚೆನ್ನಾಗಿ ಕೈಹಿಡಿಯಿತು. ಎತ್ತಿನ ಜೋಡಿ ಮಾರಿ ಕರಿಯ ಬಣ್ಣದ ಮೋಟಾರು ತಂದರು. ನನ್ನನ್ನು ಕರೆದು ಹೇಳಿದರು: “ದೀಪಾವಳಿಯೊಳಗ ಕಲ್ತು ಲೈಸೆನ್ಸ್ ತೊಗೊಂಡ್ಯೋ, ಗಾಡಿ ನಿನ್ನ ಕೈಯಾಗ. ಇಲ್ಲಾಂದ್ರ ಪುಣೇದಿಂದ ಡ್ರೈವರನ್ನ ಕರಸ್ತೇನಿ. ಆಮ್ಯಾಲೆ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ.”

ಎತ್ತೇ ಇಲ್ಲದ ಮನೆಯಲ್ಲಿ ಚಕ್ಕಡಿಯವನಿಗೆ ಏನು ಕೆಲಸ? ಮನೆಯಲ್ಲಿ ಹೆಂಡತಿ, ಕೂಸು. ನಾನು ಕಲಿಯಲೇಬೇಕಾಗಿತ್ತು.

ಹಾರ್ನು

ಕಲಿಸಲು ಬಂದವರು ಮುಂಬೈಯಲ್ಲಿ ಟ್ಯಾಕ್ಸಿ ಓಡಿಸಿ ಮುಪ್ಪಾಗಿದ್ದ ಒಬ್ಬ ಉಸ್ತಾದರು. ಬೈಗುಳದಲ್ಲಿ ಧಾರಾಳ, ಮನಸ್ಸು ಮಾತ್ರ ಬೆಣ್ಣೆ. ಮೊದಲ ದಿನವೇ ಪಾಠ: “ಮಂದಿ ಅಡ್ಡ ಬಂದ್ರ ಹಾರ್ನ್ ಹೊಡಿ. ತಾವ ಸರೀತಾರ.”

ಪೇಟೆಯಲ್ಲಿ ಹಾರ್ನು ಹೊಡೆದೆ. ಸರಿಯಲು ಯಾರಿಗೆ ಮನಸ್ಸಿದೆ? ಮೋಟಾರು ನೋಡಲು ತಮ್ಮನ್ನು ಕರೆಯುತ್ತಿದ್ದಾರೆಂದು ತಿಳಿದು ಅಂಗಡಿಗಳಿಂದಲೂ ಜನ ಇಳಿದು ಬಂದರು. ಇನ್ನೊಮ್ಮೆ ಹೊಡೆದೆ, ಹಿಂದಿನ ಓಣಿಯವರೂ ಬಂದರು. ಒಬ್ಬ ಮುದುಕ ಗಾಜಿಗೆ ಮುಖವಿಟ್ಟು, “ಮತ್ತೊಮ್ಮೆ ಊದ್ಸು ತಮ್ಮಾ, ನಮ್ಮ ಮೊಮ್ಮಗ ಕೇಳಿಲ್ಲ” ಎಂದ.

ಉಸ್ತಾದರು ತಲೆ ಹಿಡಿದುಕೊಂಡು ಕೂತರು. ನನಗೆ ತಡೆಯಲಾಗಲಿಲ್ಲ. ತಲೆ ಹೊರಗೆ ಹಾಕಿ ಚಕ್ಕಡಿಯವರ ಹಳೆಯ ದನಿಯಲ್ಲಿ “ಹೋಯ್! ಬಾಜೂ! ಬಾಜೂ ಸರೀರ್ಯೋ!” ಎಂದು ಕೂಗಿದೆ. ಪೇಟೆ ಎರಡು ಭಾಗವಾಯಿತು.

ಉಸ್ತಾದರು ನಿಟ್ಟುಸಿರು ಬಿಟ್ಟರು: “ಮುಂಬೈದಾಗ ಗಾಡಿ ಪೆಟ್ರೋಲ್ ಮ್ಯಾಲೆ ನಡೀತೈತಿ. ನಿಮ್ಮೂರಾಗ ಗಂಟಲ ಮ್ಯಾಲೆ.”

ನಮಸ್ಕಾರ

ಸ್ವಲ್ಪ ಕೈ ಕುದುರಿತೆಂದು ಧಾರವಾಡದ ರಸ್ತೆಗೆ ಹೋದೆವು. ಎದುರಿಗೆ ಒಬ್ಬ ಮಾಸ್ತರರು ಛತ್ರಿ ಹಿಡಿದು ನಡೆದು ಬರುತ್ತಿದ್ದರು. ಸಾಹುಕಾರರ ಮಕ್ಕಳಿಗೆ ಪಾಠ ಹೇಳಿದವರು, ದೊಡ್ಡ ಮನುಷ್ಯರು. ಅಂಥವರು ಕಂಡರೆ ಹಗ್ಗ ಬಿಟ್ಟು ಎರಡೂ ಕೈ ಜೋಡಿಸುವುದು ನನ್ನ ಅಪ್ಪ ಕಲಿಸಿದ ಪದ್ಧತಿ. ಎತ್ತುಗಳಿಗೆ ದಾರಿ ಗೊತ್ತಿರುತ್ತಿತ್ತು, ಅವು ನೆಟ್ಟಗೆ ಹೋಗುತ್ತಿದ್ದವು.

ಕೈ ಜೋಡಿಸಿದೆ. ಮೋಟಾರು ನೆಟ್ಟಗೆ ಹೋಗಲಿಲ್ಲ, ಮಾಸ್ತರರ ಕಡೆಗೇ ಹೋಯಿತು. ಅವರು ಛತ್ರಿ ಸಮೇತ ತಗ್ಗಿಗೆ ಹಾರಿದರು. ನಾವು ಪಕ್ಕದ ಹುಲ್ಲಿನ ಬಣವೆಯೊಳಗೆ ಹೊಕ್ಕು ನಿಂತೆವು. ಇಳಿದು ಓಡಿ ಹೋಗಿ ಅವರ ಕಾಲು ಹಿಡಿದೆ.

ಮಾಸ್ತರರು ಧೋತರ ಝಾಡಿಸಿಕೊಳ್ಳುತ್ತ, ದನಿ ಏರಿಸದೆ ಅಂದರು: “ಆರಾಮ ಇದ್ದೀಯಲಾ? ಛಲೋ ಆತು. ಒಂದ ವಿನಂತಿ ತಮ್ಮಾ. ಇನ್ನ ಮುಂದ ನನ್ನ ಮ್ಯಾಲೆ ಇಷ್ಟು ಮರ್ಯಾದಿ ಇಡಬ್ಯಾಡ.”

ಸಾಹುಕಾರರಿಗೆ ಅವರು ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ನನ್ನ ಕೆಲಸ ಅಂದೇ ಮುಗಿಯುತ್ತಿತ್ತು. ಆ ಪುಣ್ಯಾತ್ಮರನ್ನು ಇವತ್ತಿಗೂ ನೆನೆಯುತ್ತೇನೆ.

ಸೋಮವಾರ

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಸಾಹುಕಾರರ ತಾಯಿ, ನಾವೆಲ್ಲ ಅವ್ವ ಎನ್ನುತ್ತಿದ್ದವರು, ಎತ್ತಿನ ಜಾಗದಲ್ಲಿ ಬಂದ ಮೋಟಾರಿಗೂ ಅದೇ ಕಾನೂನು ಹಚ್ಚಿದ್ದರು. ದಿನಾ ಅದರ ಹಣೆಗೆ ವಿಭೂತಿ, ಸೋಮವಾರ ಪೂರ್ತಿ ಸೂಟಿ, ವಿಶ್ರಾಂತಿ.

ದೀಪಾವಳಿ ಹತ್ತಿರ ಬಂತು. ಲೈಸೆನ್ಸ್ ಕೊಡುವ ಬಿಳಿ ಸಾಹೇಬರು ಊರಿಗೆ ಬರುವ ದಿನ ಗೊತ್ತಾಯಿತು. ಸೋಮವಾರ! ಅದು ತಪ್ಪಿದರೆ ಮತ್ತೆ ಬೇಸಿಗೆಗೇ ಅವರು ಬರುವುದು.

ಸಾಹುಕಾರರು, “ಅವ್ವನ್ನ ನೀನ ಕೇಳೋ, ನನ್ನ ಕೈಲೆ ಆಗೂದಿಲ್ಲ” ಎಂದು ಜಾರಿಕೊಂಡರು. ಅವ್ವನ ಮುಂದೆ ನಿಂತೆ. “ಅವ್ವಾ, ನನ್ನ ಅನ್ನದ ಪ್ರಶ್ನೆರಿ” ಎಂದೆ.

ಅವ್ವ ನೆರೆಮನೆಯ ಕೊಟ್ಟಿಗೆಯ ಕಡೆ ನೋಡಿದರು. “ಕೋಣಕ್ಕ ಸೋಮವಾರ ಇಲ್ಲಲ್ಲ?” ಎಂದರು.

ಹೀಗಾಗಿ ಆ ದಿನ ನಮ್ಮ ಮೋಟಾರು, ಇಂಜಿನ್ ಬಾಯಿ ಮುಚ್ಚಿಕೊಂಡು, ನೆರೆಮನೆಯ ಜೋಡಿ ಕೋಣಗಳ ಹಿಂದೆ ಪರೀಕ್ಷೆಯ ಮೈದಾನಕ್ಕೆ ಹೊರಟಿತು. ಕೋಣಗಳ ಮುಂದೆ ಅವುಗಳ ಧಣಿ, ಚಕ್ರ ಹಿಡಿದು ನಾನು, ಹಿಂದಿನ ಸೀಟಿನಲ್ಲಿ ಕಾವಲಿಗೆ ಅವ್ವ. ಉಸ್ತಾದರು ರುಮಾಲಿನಿಂದ ಮುಖ ಮುಚ್ಚಿಕೊಂಡಿದ್ದರು. ಹಿಂದೆ ಅರ್ಧ ಪೇಟೆ.

ಸಾಹೇಬರಿಗೆ ಕನ್ನಡ ಬರುತ್ತಿತ್ತು. “ಗಾಡಿ ಕೆಟ್ಟೈತಿ?” ಎಂದರು.

“ಇಲ್ರಿ ಸಾಹೇಬ್ರ, ಛಲೋ ಐತಿ. ಇವತ್ತ ಅದಕ್ಕ ಸೂಟಿ.”

ಸಾಹೇಬರ ಮುಖ ಕೆಂಪಾಯಿತು. “ಚಾಲೂ ಮಾಡು! ಇಲ್ಲಾ, ಲೈಸೆನ್ಸ್ ಇಲ್ಲ!”

ಚಾಲೂ ಮಾಡಿದರೆ ಅವ್ವ ಬಿಡುವುದಿಲ್ಲ, ಮಾಡದಿದ್ದರೆ ಅನ್ನ ಹೋಗುತ್ತದೆ. ಅಷ್ಟರಲ್ಲಿ ಅವ್ವನೇ ತಲೆ ಹೊರಗೆ ಹಾಕಿದರು.

“ಸಾಹೇಬಾ, ಆಯ್ತವಾರ ನೀ ಕಚೇರಿ ತಗೀತಿಯೇನು?”

“ಇಲ್ಲ. ಸಂಡೇ ದೇವರ ದಿವಸ.”

“ಕುರ್ಚಿ ಮ್ಯಾಲೆ ಕುಂತು ದುಡಿಯೋ ನಿನಗ ಸೂಟಿ ಬೇಕು. ಮೈ ಮುರಿದು ದುಡಿಯೋ ಇದಕ್ಕ ಬ್ಯಾಡೇನು?”

ಸಾಹೇಬರು ಅವ್ವನನ್ನು ನೋಡಿದರು, ಕೋಣಗಳನ್ನು ನೋಡಿದರು, ಆಮೇಲೆ ಟೋಪಿ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ರಾತ್ರಿ ಊರಿನ ಸರಕಾರಿ ಬಂಗಲೆಯಲ್ಲೇ ಉಳಿದು ಮಂಗಳವಾರ ಪರೀಕ್ಷೆ ಮಾಡಿದರು. ಪಾಸಾದೆ. ಲೈಸೆನ್ಸ್ ಕೈಗಿಡುತ್ತ ಅಂದರು: “ಎಲ್ಲಾ ಬರೋಬರಿ. ನಿನ್ನೆ ಕೋಣ ತಿರುಗುವಾಗ ಮಾತ್ರ ನೀ ಕೈ ತೋರಿಸಿ ಸಿಗ್ನಲ್ ಕೊಡಲಿಲ್ಲ.”

ಆ ತಾಯಿಯ ಋಣ ಹೇಗೆ ತೀರಿಸಲಿ? ಅವರು ಕೆಲಸ ಉಳಿಸಿಕೊಟ್ಟದ್ದಷ್ಟೇ ಅಲ್ಲ. ಮೋಟಾರಿಗೆ ಸೂಟಿ ಅಂದಮೇಲೆ ಡ್ರೈವರನಿಗೂ ಸೂಟಿ. ಸಾಹುಕಾರರು ಮಾತ್ರ ಸೋಮವಾರ ಸ್ವಂತ ಮೋಟಾರಿನ ಪಕ್ಕದಲ್ಲೇ ನಡೆದು ಹೋಗಿ ಬಾಡಿಗೆ ಟಾಂಗಾ ಹತ್ತುತ್ತಿದ್ದರು. ಒಮ್ಮೆ, ಕಟ್ಟೆಯ ಮೇಲೆ ಅಡ್ಡಾಗಿದ್ದ ನನ್ನನ್ನು ಕಂಡು ತಡೆಯಲಾರದೆ, “ಏಳೋ, ಟಾಂಗಾನಾದ್ರೂ ಕರಕೊಂಡು ಬಾ” ಎಂದರು.

ಒಳಗಿನಿಂದ ಅವ್ವನ ದನಿ ಬಂತು: “ಅವನ್ನ ಎಬ್ಬಿಸಬ್ಯಾಡೋ, ಇವತ್ತ ಸೋಮವಾರ. ನೀನ ಓಡಿ ಹೋಗಿ ಕರಕೊಂಡು ಬಾ!”